ಕಾನ್ ನಗರದ ಮಠಾಧ್ಯಕ್ಷೆ ಸೆಸಿಲಿಯಾ: ಪದೇ ಪದೇ ಕೇಳುವ ಪ್ರಶ್ನೆಗಳು

ಸೆಸಿಲಿಯಾ ಯಾರು?

1066ರಲ್ಲಿ ಇಂಗ್ಲೆಂಡನ್ನು ಗೆದ್ದ, ಇಂದಿನ ಫ್ರಾನ್ಸಿನ ಉತ್ತರದ ನಾರ್ಮಂಡಿಯ ಡ್ಯೂಕ್ ವಿಲಿಯಂ ಮತ್ತು ಅವನ ಪತ್ನಿ, ಫ್ಲಾಂಡರ್ಸ್ ಕೌಂಟನ ಮಗಳು ಮಟಿಲ್ಡಾ, ಇವರ ಹೆಣ್ಣುಮಕ್ಕಳಲ್ಲಿ ಒಬ್ಬಳು ಸೆಸಿಲಿಯಾ. 1050ರ ದಶಕದ ಮಧ್ಯಭಾಗದಲ್ಲಿ ಹುಟ್ಟಿದ ಆಕೆಯನ್ನು ತಂದೆತಾಯಿಯರು ಬಾಲ್ಯದಲ್ಲೇ ಕಾನ್ ನಗರದ ಪವಿತ್ರ ತ್ರಿತ್ವದ ಕನ್ಯಾಮಠಕ್ಕೆ ಅರ್ಪಿಸಿದರು. ಅಲ್ಲಿಯೇ ಓದಿ, ಅಲ್ಲಿಯೇ ವ್ರತ ಸ್ವೀಕರಿಸಿ, 1113ರಲ್ಲಿ ಆ ಮಠದ ಎರಡನೆಯ ಅಧ್ಯಕ್ಷೆಯಾಗಿ, ಸುಮಾರು 14 ವರ್ಷ ಆಡಳಿತ ನಡೆಸಿ, ಎಪ್ಪತ್ತರ ಆಸುಪಾಸಿನಲ್ಲಿ ಅಲ್ಲಿಯೇ ತೀರಿಕೊಂಡಳು. ಇಂಗ್ಲೆಂಡಿನ ಇಬ್ಬರು ರಾಜರು ಮತ್ತು ನಾರ್ಮಂಡಿಯ ಒಬ್ಬ ಡ್ಯೂಕ್ ಆಕೆಯ ಒಡಹುಟ್ಟಿದವರು.

ಇತಿಹಾಸದ ಪುಸ್ತಕಗಳು ಆಕೆಯನ್ನು ಸಾಮಾನ್ಯವಾಗಿ "ದೇವರಿಗೆ ಕೊಟ್ಟ ಮಗಳು" ಎಂಬ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ನಮ್ಮಲ್ಲಿದೆ. ಸೆಸಿಲಿಯಾಳ ಮಟ್ಟಿಗೆ ಆ ಮಾತು ಎಷ್ಟು ಸಲ್ಲುವುದಿಲ್ಲ ಎಂಬುದು ಮುಂದಿನ ಉತ್ತರಗಳಲ್ಲಿ ಕಾಣುತ್ತದೆ.

ಮಗಳನ್ನು ಮಠಕ್ಕೆ ಅರ್ಪಿಸುವುದು ಎಂದರೆ ಏನು? ಅದು ಆಗಿನ ವಾಡಿಕೆಯೇ?

ವಾಡಿಕೆಯೇ ಆಗಿತ್ತು. ಸಂತ ಬೆನೆಡಿಕ್ಟರ ನಿಯಮಾವಳಿಯ 59ನೆಯ ಅಧ್ಯಾಯವು ಮಕ್ಕಳ ಅರ್ಪಣೆಗೆಂದೇ ಮೀಸಲಾಗಿದೆ. ಕುಲೀನನೊಬ್ಬನು ಮಗುವನ್ನು ಅರ್ಪಿಸುವಾಗ ತಂದೆತಾಯಿಯರು ಕೋರಿಕೆಯ ಪತ್ರವೊಂದನ್ನು ಬರೆದು, ಆ ಪತ್ರವನ್ನೂ ಮಗುವಿನ ಕೈಯನ್ನೂ ಬಲಿಪೀಠದ ವಸ್ತ್ರದಲ್ಲಿ ಸುತ್ತಿ ಒಪ್ಪಿಸಬೇಕು. ಮಠಕ್ಕೆ ದಾನ ಕೊಡಲು ಇಷ್ಟವಿದ್ದರೆ ಅದನ್ನೂ ಅಲ್ಲಿಯೇ ಕೊಡಬಹುದು. ಏನೂ ಇಲ್ಲದ ಬಡವರು ಸಾಕ್ಷಿಗಳ ಮುಂದೆ ಮಗುವನ್ನಷ್ಟೇ ಒಪ್ಪಿಸಿದರೆ ಸಾಕು. ಬೆಂಗಳೂರಿನ ಕೆಂಗೇರಿ ಬಳಿಯ ಆಶೀರ್ವನಂ ಮಠದವರು ಇಂದು ಅನುಸರಿಸುವುದೂ ಇದೇ ನಿಯಮಾವಳಿಯನ್ನು. ಮಕ್ಕಳನ್ನು ಅರ್ಪಿಸುವ ಪದ್ಧತಿ ಮಾತ್ರ 12ನೆಯ ಶತಮಾನದಿಂದಲೇ ಕ್ಷೀಣಿಸುತ್ತ ಬಂದಿತು.

ಮಗುವಿನ ಇಷ್ಟವನ್ನು ಯಾರೂ ಕೇಳುತ್ತಿರಲಿಲ್ಲ. ಆದರೆ ಅದೇ ಮನೆಯ ಉಳಿದ ಹೆಣ್ಣುಮಕ್ಕಳ ಇಷ್ಟವನ್ನೂ ಯಾರೂ ಕೇಳುತ್ತಿರಲಿಲ್ಲ ಎಂಬುದನ್ನು ಮರೆಯಬಾರದು. ತಂಗಿ ಅಡೇಲಾಳನ್ನು ಬ್ಲ್ವಾ ಪ್ರಾಂತ್ಯದ ಕೌಂಟನಿಗೆ ಕೊಟ್ಟರು, ಕಾನ್‌ಸ್ಟನ್ಸಳನ್ನು ಬ್ರಿಟನಿಯ ಡ್ಯೂಕನಿಗೆ ಕೊಟ್ಟರು. ಕಾನ್‌ಸ್ಟನ್ಸ್ ಮದುವೆಯಾದ ಕೆಲವೇ ವರ್ಷಗಳಲ್ಲಿ, 1090ರಲ್ಲಿ, ಮಕ್ಕಳಿಲ್ಲದೆ ತೀರಿಹೋದಳು. ಸೆಸಿಲಿಯಾಳನ್ನು ಕೊಟ್ಟ ಮನೆಯಾದರೋ ಆಕೆಯ ತಾಯಿಯೇ ಕಟ್ಟಿಸಿದ್ದು.

ತಾಯಿ ಈ ಮಠವನ್ನು ಏಕೆ ಕಟ್ಟಿಸಿದಳು?

ವಿಲಿಯಂ ಮತ್ತು ಮಟಿಲ್ಡಾ ಅವರ ಮದುವೆಯನ್ನು ಪೋಪ್ ಒಂಬತ್ತನೆಯ ಲಿಯೋ 1049ರ ರೀಮ್ಸ್ ಧರ್ಮಸಭೆಯಲ್ಲಿ ನಿಷೇಧಿಸಿದ್ದರು. ಇಬ್ಬರೂ ಅದನ್ನು ಮೀರಿ ಮದುವೆಯಾದರು. ನಂತರದ ಲೇಖಕರು ಹೇಳುವ ಪ್ರಕಾರ, ರೋಮ್ ಈ ವಿವಾಹವನ್ನು ಒಪ್ಪಿಕೊಂಡಾಗ ಪ್ರಾಯಶ್ಚಿತ್ತವಾಗಿ ದಂಪತಿಗಳು ತಲಾ ಒಂದು ಮಠವನ್ನು ಕಟ್ಟಿಸಬೇಕಾಯಿತು: ವಿಲಿಯಂ ಸಂತ ಸ್ಟೀಫನ್ನರ ಹೆಸರಿನಲ್ಲಿ ಗಂಡಸರ ಮಠವನ್ನು, ಮಟಿಲ್ಡಾ ಪವಿತ್ರ ತ್ರಿತ್ವದ ಹೆಸರಿನಲ್ಲಿ ಹೆಂಗಸರ ಮಠವನ್ನು. ನಡುವೆ ಡ್ಯೂಕನ ಕೋಟೆ, ಪಶ್ಚಿಮಕ್ಕೆ ಗಂಡನ ಮಠ, ಪೂರ್ವಕ್ಕೆ ಹೆಂಡತಿಯ ಮಠ, ಹೀಗೆ ಕಾನ್ ಎಂಬ ಸಾಮಾನ್ಯ ಊರು ಒಂದೇ ತಲೆಮಾರಿನಲ್ಲಿ ನಾರ್ಮಂಡಿಯ ಎರಡನೆಯ ರಾಜಧಾನಿಯಂತೆ ಬೆಳೆಯಿತು.

ಪ್ರಾಯಶ್ಚಿತ್ತದ ಕಥೆಯನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ, ಆದರೆ ಅದೊಂದೇ ಕಾರಣವೆಂದು ನಂಬುವುದೂ ಕಷ್ಟ. ಡ್ಯೂಕನ ವಂಶಕ್ಕೆ ಕನ್ಯಾಮಠಗಳೊಂದಿಗಿನ ನಂಟು ಹಳೆಯದು. ವಿಲಿಯಂನ ತಂದೆ ರಾಬರ್ಟ್ 1035ರಲ್ಲಿ ಮೊಂತಿವಿಲಿಯೇ ಎಂಬಲ್ಲಿನ ಕನ್ಯಾಮಠವನ್ನು ಪುನರುದ್ಧಾರ ಮಾಡಿ ತನ್ನ ಸೋದರತ್ತೆ ಬಿಯಾಟ್ರಿಸಳಿಗೆ ಒಪ್ಪಿಸಿದ್ದನು. ಮನೆಯ ಹೆಣ್ಣುಮಗಳೊಬ್ಬಳು ಮಠದ ಗದ್ದುಗೆಯ ಮೇಲಿದ್ದರೆ ಮಠಕ್ಕೆ ಬರೆದುಕೊಟ್ಟ ಭೂಮಿ ಪೂರ್ತಿ ಪರರ ಪಾಲಾದಂತೆ ಆಗುವುದಿಲ್ಲ ಎಂಬ ಲೆಕ್ಕ ಆ ವಂಶಕ್ಕೆ ಚೆನ್ನಾಗಿ ತಿಳಿದಿತ್ತು.

ಅರ್ಪಣೆ ನಡೆದದ್ದು ಯಾವಾಗ?

1066ರ ಜೂನ್ 18ರಂದು, ಮಠದ ಚರ್ಚಿನ ಪ್ರತಿಷ್ಠಾಪನೆಯ ದಿನ. ವಿಲಿಯಂನ ಹಡಗುಗಳು ಫ್ರಾನ್ಸ್ ಮತ್ತು ಇಂಗ್ಲೆಂಡುಗಳ ನಡುವಿನ ಕಡಲಾದ ಇಂಗ್ಲಿಷ್ ಕಾಲುವೆ ದಾಟಿ ಇಂಗ್ಲೆಂಡಿನ ದಡ ಮುಟ್ಟಿದ್ದು ಸೆಪ್ಟೆಂಬರ್ 28ರಂದು, ಹೇಸ್ಟಿಂಗ್ಸ್ ಕದನ ನಡೆದದ್ದು ಅಕ್ಟೋಬರ್ 14ರಂದು. ಅಂದರೆ ಮರ ಕಡಿದು ಹಡಗು ಕಟ್ಟುತ್ತಿದ್ದ, ಸೈನ್ಯ ಸೇರಿಸುತ್ತಿದ್ದ ಬೇಸಿಗೆಯಲ್ಲಿ, ನಾರ್ಮಂಡಿಯ ದೊಡ್ಡವರೆಲ್ಲ ನೆರೆದಿದ್ದಾಗ, ಡ್ಯೂಕನು ತನ್ನ ಮಗಳನ್ನು ದೇವರಿಗೆ ಒಪ್ಪಿಸಿದನು. ಮಠಕ್ಕೆ ಕೊಟ್ಟ ಊರುಗಳು, ಹೊಲಗಳು, ಸುಂಕದ ಹಕ್ಕುಗಳನ್ನು ಪಟ್ಟಿ ಮಾಡುವ ಅದೇ ದಾನಪತ್ರದಲ್ಲಿ ಮಗಳ ಅರ್ಪಣೆಯೂ ದಾಖಲಾಗಿದೆ. ಇಂದಿನ ಓದುಗರಿಗೆ ಇದು ಇರಿಸುಮುರಿಸು ತರಬಹುದು. ಆ ಕಾಲದವರ ಕಣ್ಣಿನಲ್ಲಿ ಅದು ಕೊಡಬಹುದಾದ ದಾನಗಳಲ್ಲೆಲ್ಲ ದೊಡ್ಡದು, ಮುಂದಿನ ಯುದ್ಧಕ್ಕೆ ದೇವರ ಮುಂದೆ ಇಟ್ಟ ಮುಡಿಪು.

ಆಗ ಸೆಸಿಲಿಯಾಗೆ ಸುಮಾರು 10 ವರ್ಷ. ಅರ್ಪಣೆಯಾದ ಮಾತ್ರಕ್ಕೆ ಆಕೆ ಸನ್ಯಾಸಿನಿಯಾಗಲಿಲ್ಲ. ಶಾಶ್ವತ ವ್ರತ ಸ್ವೀಕಾರ ನಡೆದದ್ದು 1075ರ ಈಸ್ಟರ್ ಹಬ್ಬದಂದು, ಫೆಕಾಂ ಎಂಬಲ್ಲಿ. ರುವಾನ್‌ನ ಆರ್ಚ್‌ಬಿಷಪ್ ಜಾನ್ ಆಕೆಯನ್ನು ದೇವರ ಸೇವೆಗೆ ಪ್ರತಿಷ್ಠಾಪಿಸಿದರು. ಈ ವೇಳೆಗೆ ತಂದೆ ಇಂಗ್ಲೆಂಡಿನ ರಾಜನೂ ಆಗಿದ್ದನು. ರಾಜಕುಮಾರಿಯ ವ್ರತ ಸ್ವೀಕಾರವು ಮಠದ ಗೋಡೆಯೊಳಗೆ ಸದ್ದಿಲ್ಲದೆ ನಡೆಯದೆ, ಡ್ಯೂಕರ ಅರಮನೆಯೂ ಇದ್ದ ಊರಿನಲ್ಲಿ, ಹಬ್ಬದ ರಾಜಸಭೆಯ ಮುಂದೆ ನಡೆಯಿತು.

ಹೇಸ್ಟಿಂಗ್ಸ್‌ನಲ್ಲಿ ಸೋತ ಇಂಗ್ಲೆಂಡಿನ ರಾಜ ಹೆರಾಲ್ಡನಿಗೆ ಮಾತು ಕೊಟ್ಟಿದ್ದ ಹುಡುಗಿ ಇವಳೇ ಅಲ್ಲವೇ?

ಅಲ್ಲ. ವಿಲಿಯಂನ ಮಗಳೊಬ್ಬಳ ಜೊತೆ ಹೆರಾಲ್ಡನ ಮದುವೆಯ ಮಾತು ನಡೆದಿತ್ತೆಂಬ ಕಥೆ ಹಲವು ಚರಿತ್ರೆಗಳಲ್ಲಿದೆ, ಹುಡುಗಿಯ ಹೆಸರು ಮಾತ್ರ ಒಂದೊಂದು ಕಡೆ ಒಂದೊಂದು. 12ನೆಯ ಶತಮಾನದ ನಾರ್ಮನ್ ಚರಿತ್ರಕಾರ, ಸನ್ಯಾಸಿ ಆರ್ಡೆರಿಕ್ ವಿಟಾಲಿಸ್ ಆಕೆಯನ್ನು ಅಗಾಥಾ ಎಂದು ಕರೆಯುತ್ತಾನೆ.

ಮಠದಲ್ಲಿ ಆಕೆಗೆ ಎಂಥ ಶಿಕ್ಷಣ ಸಿಕ್ಕಿತು?

ಆ ಕಾಲದ ಹೆಣ್ಣುಮಕ್ಕಳಲ್ಲಿ ಬಹಳ ಕಡಿಮೆ ಜನರಿಗೆ ಸಿಕ್ಕಂಥದ್ದು. ಆಕೆಯನ್ನು ಎಚ್ಚರದಿಂದ ಬೆಳೆಸಿ, ಹಲವು ವಿದ್ಯೆಗಳನ್ನು ಕಲಿಸಲಾಯಿತು ಎಂದು ಆರ್ಡೆರಿಕ್ ಬರೆಯುತ್ತಾನೆ. ಗುರುಗಳಲ್ಲಿ ಒಬ್ಬನ ಹೆಸರು ನಮಗೆ ತಿಳಿದಿದೆ, ಮತ್ತು ಆ ಹೆಸರು ಸ್ವಾರಸ್ಯದ್ದು: ಶೋಕ್ ಊರಿನ ಆರ್ನುಲ್ಫ್. ವ್ಯಾಕರಣ ಮತ್ತು ತರ್ಕದಲ್ಲಿ ಪಳಗಿದ್ದ ಈ ಪಾದ್ರಿ ಇಂಗ್ಲೆಂಡಿನ ರಾಜನ ಮಗಳಾದ ಸನ್ಯಾಸಿನಿಗೆ ಪಾಠ ಹೇಳಿದ್ದನೆಂದು ಸಮಕಾಲೀನ ಲೇಖಕ ನೋಜಾನ್‌ನ ಗಿಬೇರ್ ದಾಖಲಿಸಿದ್ದಾನೆ. ಗುರುವಿಗೆ ಬಿಷಪ್ ಪದವಿ ಕೊಡಿಸಲು ಸೆಸಿಲಿಯಾ ತನ್ನ ಅಣ್ಣ ಡ್ಯೂಕ್ ರಾಬರ್ಟನಿಂದ ಮಾತು ಪಡೆದಿದ್ದಳೆಂಬುದೂ ಅವನ ಬರವಣಿಗೆಯಲ್ಲೇ ಬರುತ್ತದೆ.

ಆ ಬಿಷಪ್ ಪದವಿ ನಾರ್ಮಂಡಿಯಲ್ಲಿ ಸಿಗಲಿಲ್ಲ. 1096ರಲ್ಲಿ ರಾಬರ್ಟನು ಮೊದಲನೆಯ ಕ್ರುಸೇಡಿಗೆ, ಅಂದರೆ ಜೆರುಸಲೇಮನ್ನು ಗೆಲ್ಲಲು ಕ್ರೈಸ್ತರು ಹೂಡಿದ ಧರ್ಮಯುದ್ಧಕ್ಕೆ, ಹೊರಟಾಗ ಆರ್ನುಲ್ಫನೂ ಜೊತೆಗೆ ಹೋದನು, 1099ರಲ್ಲಿ ಜೆರುಸಲೇಮ್ ಕೈವಶವಾದ ಮೇಲೆ ಅಲ್ಲಿನ ಲ್ಯಾಟಿನ್ ಪೇಟ್ರಿಯಾರ್ಕ್, ಅಂದರೆ ಹಿರಿಯ ಧರ್ಮಾಧ್ಯಕ್ಷ, ಆಗಿ ಆಯ್ಕೆಯಾದನು, ಬೇಗನೆ ಪದಚ್ಯುತನಾದನು, 1112ರಲ್ಲಿ ಮತ್ತೆ ಅದೇ ಪೀಠವೇರಿದನು. ಅವನ ನಡತೆಯ ಬಗ್ಗೆ ಚರಿತ್ರಕಾರರಿಗೆ ಒಳ್ಳೆಯ ಮಾತಿಲ್ಲ. ಪಾಂಡಿತ್ಯವನ್ನು ಮಾತ್ರ ಯಾರೂ ಅಲ್ಲಗಳೆದಿಲ್ಲ. ಒಟ್ಟಿನಲ್ಲಿ, ಮಠದ ಹೊಸ್ತಿಲು ದಾಟದ ಹೆಣ್ಣುಮಗಳೊಬ್ಬಳ ಶಿಫಾರಸು ಡ್ಯೂಕನ ಆಸ್ಥಾನದಲ್ಲಿ ತೂಕ ಪಡೆದಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆಕೆಯ ಓದಿನ ಖ್ಯಾತಿ ಹೊರಗೂ ಹರಡಿತ್ತು. ಆ ಕಾಲದ ಲ್ಯಾಟಿನ್ ಕವಿಗಳಲ್ಲಿ ಮೇಲ್ಪಂಕ್ತಿಯ ಇಬ್ಬರು, ಬೂರ್ಗೆಯ್ ಮಠದ ಅಧ್ಯಕ್ಷ ಬೋದ್ರಿ ಮತ್ತು ಲ ಮಾನ್ ನಗರದ ಬಿಷಪ್ ಹಿಲ್ಡೆಬರ್ಟ್, ಆಕೆಯನ್ನು ಉದ್ದೇಶಿಸಿ ಪದ್ಯ ಬರೆದಿದ್ದಾರೆ. ರಾಜಪುತ್ರಿಯನ್ನು ಹೊಗಳಿದರೆ ಉಡುಗೊರೆ ಬಂದೀತೆಂಬ ಆಸೆ ಕವಿಗಳಿಗೆ ಇರಲೇ ಇಲ್ಲವೆಂದೇನಲ್ಲ. ಆದರೂ ಲ್ಯಾಟಿನ್ ಛಂದಸ್ಸನ್ನು ಸವಿಯಲಾರದವಳಿಗೆ ಅಂಥ ಪದ್ಯ ಕಳುಹಿಸಿ ಪ್ರಯೋಜನವೇನು?

ಮಠಾಧ್ಯಕ್ಷೆ ಎಂಬರ್ಥದ ಇಂಗ್ಲಿಷಿನ "ಅಬ್ಬೆಸ್" ಎಂಬ ಪದಕ್ಕೂ ಕನ್ನಡದ "ಅಬ್ಬೆ"ಗೂ ಸಂಬಂಧವಿದೆಯೇ?

ಇಲ್ಲ, ಇದು ಬರೀ ಕಾಕತಾಳೀಯ. "ಅಬ್ಬೆಸ್" ಬಂದದ್ದು ಲ್ಯಾಟಿನ್ನಿನ "ಅಬ್ಬಾತಿಸ್ಸಾ"ದಿಂದ, ಅದರ ಮೂಲ ಅರಮೇಯಿಕ್ ಭಾಷೆಯ "ಅಬ್ಬಾ", ಅಂದರೆ ತಂದೆ. ತಂದೆ ಎಂಬ ಪದಕ್ಕೆ ಸ್ತ್ರೀ ಪ್ರತ್ಯಯ ಹಚ್ಚಿದ ರೂಪ ಕನ್ನಡದ ಕಿವಿಗೆ ತಾಯಿಯಂತೆ ಕೇಳಿಸುವುದು ಸಂತೋಷದ ವಿಷಯವೇ ಸರಿ.

ತಂದೆ ತೀರಿಕೊಂಡ ಮೇಲೆ ಮಠದ ಸ್ಥಿತಿ ಏನಾಯಿತು?

ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಉತ್ತರಿಸಬೇಕು. 1087ರ ಸೆಪ್ಟೆಂಬರ್ 9ರಂದು ವಿಲಿಯಂ ರುವಾನ್‌ನಲ್ಲಿ ತೀರಿಕೊಂಡನು. ನಾರ್ಮಂಡಿ ಹಿರಿಯ ಮಗ ರಾಬರ್ಟನಿಗೆ, ಇಂಗ್ಲೆಂಡ್ ವಿಲಿಯಂ ರೂಫಸ್‌ಗೆ, ಕಿರಿಯವನಾದ ಹೆನ್ರಿಗೆ ಹಣದ ಪಾಲು ಮಾತ್ರ. ರಾಬರ್ಟ್ ಧೀರ ಯೋಧ, ಆದರೆ ಆಡಳಿತದಲ್ಲಿ ಕೈ ಸಡಿಲು. ಡ್ಯೂಕನ ಅಂಕೆ ತಪ್ಪಿದೊಡನೆ ಅಕ್ಕಪಕ್ಕದ ಪಾಳೆಯಗಾರರೆಲ್ಲ ಮಠದ ಭೂಮಿಗೆ ಕೈ ಹಾಕಿದರು.

ಸನ್ಯಾಸಿನಿಯರು ಸುಮ್ಮನೆ ಅಳುತ್ತ ಕೂರಲಿಲ್ಲ. ಯಾರು ಯಾವ ಊರಿನಲ್ಲಿ ಏನನ್ನು ಕಿತ್ತುಕೊಂಡರು, ಎಷ್ಟು ದನ ಹೊಡೆದುಕೊಂಡು ಹೋದರು, ಯಾವ ಹಿಡುವಳಿಗೆ ತೊಂದರೆ ಕೊಟ್ಟರು ಎಂಬುದನ್ನು ಹೆಸರು ಹಿಡಿದು ಬರೆಸಿಟ್ಟರು. ಆ ಪಟ್ಟಿ ಇಂದಿಗೂ ಓದಲು ಸಿಗುತ್ತದೆ. ಅದರಲ್ಲಿರುವ ಹೆಸರುಗಳ ನಡುವೆ ಎದ್ದು ಕಾಣುವುದು ರಾಜನ ಕಿರಿಯ ಮಗ, ಕೌಂಟ್ ಹೆನ್ರಿಯ ಹೆಸರು. ಕೆತ್‌ಹೂ ಎಂಬ ಊರಿನಿಂದಲೂ ಇಡೀ ಕೊತಾಂತಾನ್ ಸೀಮೆಯಿಂದಲೂ ಸುಂಕ ಎತ್ತಿದ್ದು, ಮಠದ ಒಕ್ಕಲುಗಳನ್ನು ಹಿಡಿದು ತನ್ನ ಕಡೆಯವರ ಕೋಟೆಗಳಲ್ಲಿ ಬಿಟ್ಟಿ ದುಡಿಸಿದ್ದು ಅವನ ಮೇಲಿನ ದೂರು. ಹೆನ್ರಿ ಸೆಸಿಲಿಯಾಳ ಒಡಹುಟ್ಟಿದ ತಮ್ಮ. ತಾಯಿ ಕಟ್ಟಿಸಿದ, ಅಕ್ಕ ವಾಸವಿದ್ದ, ತಾಯಿಯ ಸಮಾಧಿಯೂ ಇದ್ದ ಮಠದ ಆಸ್ತಿ ಅದು.

ಇದೇ ಹೆನ್ರಿ 1100ರಲ್ಲಿ ಇಂಗ್ಲೆಂಡಿನ ರಾಜನಾದನು; 1106ರ ಸೆಪ್ಟೆಂಬರ್ 28ರಂದು ತಾಂಶ್‌ಬ್ರೇ ಕದನದಲ್ಲಿ ಅಣ್ಣ ರಾಬರ್ಟನನ್ನು ಸೋಲಿಸಿ ನಾರ್ಮಂಡಿಯನ್ನೂ ಕಸಿದುಕೊಂಡನು. ರಾಬರ್ಟ್ ಉಳಿದ 28 ವರ್ಷಗಳನ್ನು ಸೆರೆಯಲ್ಲೇ ಕಳೆದು 1134ರಲ್ಲಿ ಕಾರ್ಡಿಫ್‌ನಲ್ಲಿ ಸತ್ತನು. ಸೆಸಿಲಿಯಾ ಮಠಾಧ್ಯಕ್ಷೆಯಾದದ್ದು ಈ ಹೆನ್ರಿಯ ಆಳ್ವಿಕೆಯಲ್ಲಿ. ಒಬ್ಬ ಸೋದರನ ಬಾಯಿಂದ ಗುರುವಿಗೆ ಪದವಿಯ ಮಾತು ಪಡೆದವಳು ಅವನನ್ನೇ ಸೆರೆಗೆ ತಳ್ಳಿದ ಇನ್ನೊಬ್ಬ ಸೋದರನ ಕೃಪೆಯಲ್ಲಿ ಮಠ ನಡೆಸಬೇಕಾಯಿತು. ಮಠ ಹಾಳಾಗಲಿಲ್ಲ ಎಂಬುದೇ ಆಕೆಯ ಚಾತುರ್ಯವನ್ನು ಹೇಳುತ್ತದೆ ಎಂದು ನನಗೆ ಅನ್ನಿಸುತ್ತದೆ.

ಕ್ರುಸೇಡಿಗೂ ಈ ಮಠಕ್ಕೂ ಏನು ನಂಟು?

1099ರ ಆಗಸ್ಟ್ 12ರಂದು ನಡೆದ ಅಸ್ಕಲಾನ್ ಕದನದಲ್ಲಿ ವಶಪಡಿಸಿಕೊಂಡ ಪತಾಕೆಯೊಂದನ್ನು ರಾಬರ್ಟ್ ಊರಿಗೆ ಮರಳಿದ ಮೇಲೆ ತಾಯಿ ಕಟ್ಟಿಸಿದ ಈ ಚರ್ಚಿಗೆ ಒಪ್ಪಿಸಿದನೆಂದು 12ನೆಯ ಶತಮಾನದ ನಾರ್ಮನ್ ಕವಿ ವಾಸ್ ಹೇಳುತ್ತಾನೆ. ಗೆದ್ದ ಯುದ್ಧದ ಗುರುತನ್ನು ತಂದೆಯ ಮಠದಲ್ಲಿ ಇಡದೆ ತಾಯಿಯ ಸಮಾಧಿಯೂ ತಂಗಿಯೂ ಇದ್ದ ಕಡೆ ತಂದಿಟ್ಟದ್ದು ಗಮನಿಸಬೇಕಾದ ಸಂಗತಿ. ತಂದೆಮಗನ ನಡುವೆ ಬದುಕಿನುದ್ದಕ್ಕೂ ಜಗಳ. ತಾಯಿಯಾದರೋ ತಂದೆಯ ಕಣ್ಣು ತಪ್ಪಿಸಿ ಮಗನಿಗೆ ಹಣ ಕಳುಹಿಸುತ್ತಿದ್ದವಳು.

ಸೆಸಿಲಿಯಾಳಿಗಿಂತ ಮೊದಲು ಅಧ್ಯಕ್ಷೆಯಾಗಿದ್ದವರು ಯಾರು?

ಆಕೆಯ ಹೆಸರೂ ಮಟಿಲ್ಡಾ. ತಾಯಿ ಮಟಿಲ್ಡಾ, ಮೊದಲ ಮಠಾಧ್ಯಕ್ಷೆ ಮಟಿಲ್ಡಾ, ತಮ್ಮ ಹೆನ್ರಿಯ ಹೆಂಡತಿ ಮಟಿಲ್ಡಾ, ಅವರ ಮಗಳು ಸಾಮ್ರಾಜ್ಞಿ ಮಟಿಲ್ಡಾ: ಈ ಕಾಲದ ಚರಿತ್ರೆಯನ್ನು ಓದುವವರು ಮೊದಲಿಗೆ ತಬ್ಬಿಬ್ಬಾಗುವುದು ಸಹಜ.

ಈ ಮಠಾಧ್ಯಕ್ಷೆಯನ್ನು ಪ್ರೆಓ ಎಂಬಲ್ಲಿನ ಕನ್ಯಾಮಠದಿಂದ ಕರೆತರಲಾಗಿತ್ತು. ಸುಮಾರು ಅರ್ಧ ಶತಮಾನ ಆಳಿ 1113ರಲ್ಲಿ ಆಕೆ ತೀರಿಕೊಂಡಾಗ ಸನ್ಯಾಸಿನಿಯರು ಮರಣದ ಸುರುಳಿಯೊಂದನ್ನು ಊರೂರಿಗೆ ಕಳುಹಿಸಿದರು. ದೂತನೊಬ್ಬನು ಚರ್ಮದ ಸುರುಳಿ ಹೊತ್ತು ಮಠದಿಂದ ಮಠಕ್ಕೆ ನಡೆಯುತ್ತಾನೆ. ಅಲ್ಲಿನವರು ಸತ್ತವರಿಗಾಗಿ ಪ್ರಾರ್ಥಿಸುವೆವೆಂದು ಬರೆದು, ಕೆಲವೊಮ್ಮೆ ಪದ್ಯವನ್ನೂ ಸೇರಿಸಿ, ತಮ್ಮ ಮಠದಲ್ಲಿ ಸತ್ತವರ ಹೆಸರುಗಳನ್ನೂ ಬರೆದು ಮುಂದಕ್ಕೆ ಕಳುಹಿಸುತ್ತಾರೆ. ಮಟಿಲ್ಡಾಳ ಸುರುಳಿ ಫ್ರಾನ್ಸ್ ಮತ್ತು ಇಂಗ್ಲೆಂಡುಗಳ ಇನ್ನೂರಕ್ಕೂ ಹೆಚ್ಚು ಮಠ, ಚರ್ಚುಗಳನ್ನು ಸುತ್ತಿ ಬಂದಿತು. ಬರೆದವರೆಲ್ಲ ಗಂಭೀರವಾಗಿ ಬರೆದರೆಂದೇನಿಲ್ಲ. ಶಾಲೆಯ ಹುಡುಗರ ತುಂಟತನವೂ ಅದರೊಳಗೆ ನುಸುಳಿತ್ತು.

ಸೆಸಿಲಿಯಾಳ ವಿಷಯದಲ್ಲಿ ಇದರಿಂದ ತಿಳಿಯುವುದೊಂದಿದೆ. ರಾಜನ ಮಗಳೆಂಬ ಕಾರಣಕ್ಕೆ ಆಕೆಯನ್ನು ಯೌವನದಲ್ಲೇ ಗದ್ದುಗೆಯ ಮೇಲೆ ಕೂರಿಸಲಿಲ್ಲ. ಸಾಮಾನ್ಯ ಸನ್ಯಾಸಿನಿಯಾಗಿ ಇನ್ನೊಬ್ಬಳ ಆಜ್ಞೆಯ ಕೆಳಗೆ ಸುಮಾರು ನಾಲ್ಕು ದಶಕಗಳ ಕಾಲ ಬಾಳಿ, ಐವತ್ತು ದಾಟಿದ ಮೇಲೆಯೇ ಆಕೆ ಅಧ್ಯಕ್ಷೆಯಾದದ್ದು.

ಮಠಾಧ್ಯಕ್ಷೆಯ ಕೆಲಸವೇನು? ಬರೀ ಪ್ರಾರ್ಥನೆಯೇ?

ರಾತ್ರಿಯ ಜಾಗರಣೆಯಿಂದ ಮಲಗುವ ಮುನ್ನಿನ ಪ್ರಾರ್ಥನೆಯವರೆಗೆ ದಿನಕ್ಕೆ ಎಂಟು ಬಾರಿ ಸಮೂಹ ಪ್ರಾರ್ಥನೆ ನಡೆಯುತ್ತಿತ್ತು, ಅದೇ ಮಠದ ಮುಖ್ಯ ಕೆಲಸ. ಪೂಜಾಬಲಿಯನ್ನು ಅರ್ಪಿಸುವ ಅಧಿಕಾರ ಹೆಂಗಸರಿಗೆ ಇರಲಿಲ್ಲವಾದ್ದರಿಂದ ಅದಕ್ಕಾಗಿ ಪಾದ್ರಿಗಳನ್ನು ಇಟ್ಟುಕೊಳ್ಳಬೇಕಿತ್ತು, ಅವರ ಜೀವನಾಂಶದ ಹೊಣೆಯೂ ಮಠದ್ದೇ.

ಉಳಿದಂತೆ ಮಠಾಧ್ಯಕ್ಷೆಯೆಂದರೆ ಊರುಗಳ ಒಡತಿ. ಕಾನ್ ನಗರದ ಒಂದು ಭಾಗಕ್ಕೆ ಅಧ್ಯಕ್ಷೆಯ ಪೇಟೆ ಎಂಬರ್ಥದ ಹೆಸರೇ ಇತ್ತು. ಓರ್ನ್ ನದಿ ಸಮುದ್ರ ಸೇರುವಲ್ಲಿನ ವಿಸ್ತ್ರೆಆಂ ಮಠಕ್ಕೆ ಸೇರಿದ್ದು. ಕಾಲುವೆಯ ಆಚೆ ಇಂಗ್ಲೆಂಡಿನಲ್ಲಿ ಎಸೆಕ್ಸ್ ಸೀಮೆಯ ಫೆಲ್‌ಸ್ಟೆಡ್, ಗ್ಲಾಸ್ಟರ್‌ಷೈರ್‌ನ ಅವೆನಿಂಗ್ ಮತ್ತು ಮಿಂಚಿನ್‌ಹ್ಯಾಂಪ್ಟನ್ ಮೊದಲಾದ ಊರುಗಳು ಮಠದ ಹಿಡಿತದಲ್ಲಿದ್ದವು. 1086ರ ಡೂಮ್ಸ್‌ಡೇ ಭೂದಾಖಲೆಯಲ್ಲಿ ಫೆಲ್‌ಸ್ಟೆಡ್ ಮತ್ತು ಮಿಂಚಿನ್‌ಹ್ಯಾಂಪ್ಟನ್ ಕಾನ್ ಮಠದ ಹೆಸರಿನಲ್ಲೇ ಇವೆ. ಮಿಂಚಿನ್‌ಹ್ಯಾಂಪ್ಟನ್ ಹಿಂದೆ ಎಡ್ವರ್ಡ್ ರಾಜನ ಸೋದರಿ ಗೋಡಾಳ ಆಸ್ತಿ. ಆ ಊರಿನ ಹೆಸರಿನ ಮೊದಲ ಭಾಗ ಹಳೆಯ ಇಂಗ್ಲಿಷಿನಲ್ಲಿ ಸನ್ಯಾಸಿನಿ ಎಂಬರ್ಥದ ಪದದಿಂದ ಬಂದದ್ದು, ಕಾನ್ ಸನ್ಯಾಸಿನಿಯರ ನೆನಪನ್ನು ಆ ಊರು ಇಂದಿಗೂ ಹೆಸರಿನಲ್ಲಿ ಹೊತ್ತಿದೆ.

ಸಮುದ್ರದಾಚೆಯ ಜಮೀನನ್ನು ಕೂತಲ್ಲಿಂದ ನೋಡಿಕೊಳ್ಳುವುದಕ್ಕೆ ಕಡತಗಳೇ ಕಣ್ಣು. ಯಾವ ಊರಿನಲ್ಲಿ ಯಾರ ಹಿಡುವಳಿ ಎಷ್ಟು, ಗೇಣಿ ಎಷ್ಟು, ಒಡತಿಯ ಹೊಲದಲ್ಲಿ ಎಷ್ಟು ದಿನ ದುಡಿಯಬೇಕು ಎಂಬ ವಿವರಗಳುಳ್ಳ 12ನೆಯ ಶತಮಾನದ ಪಟ್ಟಿಗಳು ಈ ಮಠದ್ದು ಉಳಿದುಬಂದಿವೆ. ಗ್ಲಾಸ್ಟರ್‌ಷೈರ್‌ನ ರೈತನೊಬ್ಬನಿಗೆ ತನ್ನ ಒಡತಿ ಎಂದೂ ಕಣ್ಣಿಗೆ ಬೀಳದವಳು. ಆದರೆ ಅವನ ದುಡಿಮೆಯ ದಿನಗಳ ಲೆಕ್ಕ ಅವಳ ಪೆಟ್ಟಿಗೆಯಲ್ಲಿತ್ತು. ಸನ್ಯಾಸಿನಿಯರ ದೀಪ, ಬಟ್ಟೆ, ಊಟಗಳೆಲ್ಲ ಆ ಬೆವರಿನಿಂದಲೇ ಬರುತ್ತಿದ್ದವು ಎಂಬುದನ್ನು ಆಕೆಯ ಭಕ್ತಿಯನ್ನು ಹೊಗಳುವ ಚರಿತ್ರೆಗಳು ಹೇಳುವುದಿಲ್ಲ.

ಬಾಯೂ ಕಸೂತಿ ಪಟವನ್ನು ಈ ಮಠದ ಸನ್ಯಾಸಿನಿಯರು ಹೊಲಿದರೇ?

ವಿಲಿಯಂ ಇಂಗ್ಲೆಂಡನ್ನು ಗೆದ್ದ ಕಥೆಯನ್ನು ಚಿತ್ರಿಸುವ ಈ ಉದ್ದನೆಯ ಕಸೂತಿಯನ್ನು ಫ್ರಾನ್ಸಿನಲ್ಲಿ ಮಟಿಲ್ಡಾ ರಾಣಿಯ ಕಸೂತಿ ಎಂದು ಕರೆಯುವ ರೂಢಿ ಇದ್ದುದರಿಂದ ಈ ಪ್ರಶ್ನೆ ಹುಟ್ಟುತ್ತದೆ. ಅದನ್ನು ವಿಲಿಯಂನ ಮಲತಮ್ಮ, ಬಾಯೂ ನಗರದ ಬಿಷಪ್ ಓಡೋ ಇಂಗ್ಲೆಂಡಿನಲ್ಲಿ ಮಾಡಿಸಿದ್ದಿರಬೇಕೆಂಬುದು ಇಂದಿನ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ.

ಆಕೆಯ ಕೊನೆಯ ವರ್ಷಗಳು ಹೇಗಿದ್ದವು?

ಮನೆತನ ಒಂದೊಂದಾಗಿ ಉದುರುತ್ತಿದ್ದ ವರ್ಷಗಳು ಅವು. ಅಣ್ಣ ರಿಚರ್ಡ್ ಬಹಳ ಹಿಂದೆಯೇ ಇಂಗ್ಲೆಂಡಿನ ನ್ಯೂ ಫಾರೆಸ್ಟ್‌ನಲ್ಲಿ ಬೇಟೆಯ ವೇಳೆ ಸತ್ತಿದ್ದನು. ಅದೇ ಕಾಡಿನಲ್ಲಿ 1100ರ ಆಗಸ್ಟ್ 2ರಂದು ವಿಲಿಯಂ ರೂಫಸ್ ಬಾಣ ತಗುಲಿ ಸತ್ತನು. 1120ರ ನವೆಂಬರ್ 25ರ ರಾತ್ರಿ ಬಾರ್‌ಫ್ಲರ್ ಬಂದರಿನಿಂದ ಹೊರಟ ಬಿಳಿ ಹಡಗು ಬಂಡೆಗೆ ಬಡಿದು ಮುಳುಗಿದಾಗ ಹೆನ್ರಿಯ ಏಕೈಕ ಔರಸ ಪುತ್ರ ವಿಲಿಯಂ, ಅವನ ಮಲಸೋದರಿ ಮಟಿಲ್ಡಾ ಹಾಗೂ ನಾರ್ಮನ್ ಮನೆತನಗಳ ಎಷ್ಟೋ ಮಂದಿ ಯುವಕರು ನೀರುಪಾಲಾದರು. ಸಿಂಹಾಸನಕ್ಕೆ ನೇರ ಗಂಡು ವಾರಸುದಾರನಿಲ್ಲದಂತಾಯಿತು. ಸುಮಾರು ಅದೇ ಹೊತ್ತಿಗೆ, ಗಂಡ ಸತ್ತ ಮೇಲೆ ಬ್ಲ್ವಾ ಪ್ರಾಂತ್ಯವನ್ನು ತಾನೇ ಆಳಿದ್ದ ತಂಗಿ ಅಡೇಲಾ ಮಾರ್ಸಿನಿ ಎಂಬಲ್ಲಿ ಸನ್ಯಾಸ ಸ್ವೀಕರಿಸಿದಳು. ಅಕ್ಕ ಹತ್ತರ ವಯಸ್ಸಿನಲ್ಲಿ ಹೊಕ್ಕ ಬಾಳಿಗೆ ತಂಗಿ ಐವತ್ತು ದಾಟಿ ಬಂದಳು.

ಸೆಸಿಲಿಯಾ ತೀರಿಕೊಂಡದ್ದು 1126 ಅಥವಾ 1127ರ ಜುಲೈ ತಿಂಗಳಲ್ಲಿ. ಹೆನ್ರಿ ಸತ್ತ ನಂತರ ಅವನ ಮಗಳು ಮಟಿಲ್ಡಾಗೂ ಅಡೇಲಾಳ ಮಗ ಸ್ಟೀಫನ್ನನಿಗೂ ನಡುವೆ ಭುಗಿಲೆದ್ದ ಅಂತರ್ಯುದ್ಧವನ್ನು ನೋಡಲು ಆಕೆ ಉಳಿದಿರಲಿಲ್ಲ.

ಇಂದು ಅಲ್ಲಿ ನೋಡಲು ಏನು ಉಳಿದಿದೆ?

ಚರ್ಚು ನಿಂತಿದೆ. ಹೆಂಗಸರ ಮಠ ಎಂಬರ್ಥದ ಹೆಸರಿನಿಂದಲೇ ಊರಿನವರು ಅದನ್ನು ಕರೆಯುತ್ತಾರೆ. ಗೋಪುರಗಳ ಮೇಲಿದ್ದ ಚೂಪು ಶಿಖರಗಳು ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ನೂರು ವರ್ಷಗಳ ಯುದ್ಧದ ಕಾಲದಲ್ಲಿ ನಾಶವಾದವು, ಮತ್ತೆ ಅವನ್ನು ಕಟ್ಟಲಿಲ್ಲ. ಫ್ರೆಂಚ್ ಕ್ರಾಂತಿಯಲ್ಲಿ ಸನ್ಯಾಸಿನಿಯರ ಸಮುದಾಯ ಚದುರಿಹೋಯಿತು. ಮೊದಲ ಅಧ್ಯಕ್ಷೆಯ ಮರಣದ ಸುರುಳಿಯೂ ಆಗಲೇ ಕಳೆದುಹೋಯಿತು. 1944ರ ಬಾಂಬ್ ದಾಳಿಯಲ್ಲಿ ಕಾನ್ ನಗರದ ಬಹುಭಾಗ ನೆಲಸಮವಾದರೂ ಎರಡೂ ಮಠಗಳು ಉಳಿದುಕೊಂಡವು. 18ನೆಯ ಶತಮಾನದಲ್ಲಿ ಹೊಸದಾಗಿ ಕಟ್ಟಿದ ವಾಸದ ಕಟ್ಟಡಗಳಲ್ಲಿ ಈಗ ನಾರ್ಮಂಡಿ ಪ್ರಾದೇಶಿಕ ಪರಿಷತ್ತಿನ ಕಚೇರಿ ಇದೆ.

ಸೆಸಿಲಿಯಾಳ ಕಾಲವನ್ನು ಹತ್ತಿರದಿಂದ ಕಾಣಬೇಕೆಂದರೆ ಎರಡು ಜಾಗಗಳಿಗೆ ಹೋಗಬೇಕು. ಒಂದು, ಬಲಿಪೀಠದ ಕೆಳಗಿನ ನೆಲಮಾಳಿಗೆ: 16 ಕಂಬಗಳು ಒತ್ತೊತ್ತಾಗಿ ನಿಂತಿರುವ ತಗ್ಗು ಕೋಣೆ. ಇನ್ನೊಂದು, ಅದರ ಮೇಲಿನ ಗರ್ಭಭಾಗ. ಅಲ್ಲಿ 1083ರ ನವೆಂಬರ್‌ನಲ್ಲಿ ತೀರಿಕೊಂಡ ತಾಯಿ ಮಟಿಲ್ಡಾಳ ಸಮಾಧಿಯ ಕಪ್ಪು ಕಲ್ಲು ಇದೆ. ಅಂಚಿನ ಸುತ್ತ ಕೆತ್ತಿದ ಲ್ಯಾಟಿನ್ ಪದ್ಯವು ಆಕೆಯ ತಂದೆತಾಯಿಯರ ವಂಶವನ್ನು ಹೇಳಿ, ಗಂಡನ ಹೆಸರು ಹೇಳಿ, ಈ ಮಠವನ್ನು ಕಟ್ಟಿಸಿದ್ದನ್ನು ಹೇಳಿ, ಸಂಪತ್ತನ್ನೆಲ್ಲ ಹಂಚಿ ತನಗೆ ಬಡವಿಯಾಗಿ ಬಡವರಿಗೆ ಸಿರಿವಂತೆಯಾಗಿದ್ದಳು ಎಂದು ಕೊಂಡಾಡುತ್ತದೆ. ಮಕ್ಕಳ ಹೆಸರು ಅದರಲ್ಲಿಲ್ಲ. ಆ ಕಲ್ಲಿನ ಬಳಿ ನಾಲ್ವತ್ತಕ್ಕೂ ಹೆಚ್ಚು ವರ್ಷ, ದಿನಕ್ಕೆ ಎಂಟು ಬಾರಿ ನಡೆದ ಪ್ರಾರ್ಥನೆಗೆ ಬಂದು ನಿಂತವರಲ್ಲಿ ಸೆಸಿಲಿಯಾ ಒಬ್ಬಳು.